ಅಡ್ಡಮಳೆಗೆ ಮುಂಚೆ ಮನೆ ಸಜ್ಜಾಗಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಇನ್ವರ್ಟರಿನ 150 ಎಎಚ್ ಟ್ಯೂಬುಲರ್ ಬ್ಯಾಟರಿಗೆ ಮೂರು ವರ್ಷವಾಯಿತು. ಮೊದಲು ನಾಲ್ಕೈದು ತಾಸು ನಡೆಯುತ್ತಿತ್ತು, ಈಗ ಒಂದೂವರೆ ತಾಸಿಗೇ ಕೂಗಿಕೊಳ್ಳುತ್ತದೆ. ಹೊಸದು ತರಬೇಕೇ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ದುಡ್ಡು ಬಿಚ್ಚುವ ಮುಂಚೆ ಲೋಡಿನ ಲೆಕ್ಕ ಹಾಕಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ತಾಸು ಇರುತ್ತದೆ. ಇನ್ವರ್ಟರಿನಲ್ಲಿ ಹೋಗುವ ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಿಟ್ಟರೆ ಕೈಗೆ ಸಿಗುವುದು ಹೆಚ್ಚುಕಡಿಮೆ 1000. 75 ವ್ಯಾಟಿನ ಎರಡು ಹಳೆಯ ಫ್ಯಾನು, 9 ವ್ಯಾಟಿನ ನಾಲ್ಕು ಬಲ್ಬು, ಒಂದು ವೈಫೈ ಸೇರಿ ಸುಮಾರು 200 ವ್ಯಾಟ್, ಅಂದರೆ ಐದು ತಾಸು. ಫ್ಯಾನುಗಳನ್ನು ಕರೆಂಟ್ ಕಡಿಮೆ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿಗೆ ಬದಲಿಸಿದರೆ ಅದೇ ಬ್ಯಾಟರಿ ಒಂಬತ್ತು ತಾಸು ಎಳೆಯುತ್ತದೆ. ಹೊಸ ಬ್ಯಾಟರಿಗಿಂತ ಇದು ಸೋವಿ. ಫ್ರಿಜ್ಜೋ ಮಿಕ್ಸರೋ ಇನ್ವರ್ಟರ್ ಲೈನಿಗೆ ಸೇರಿಕೊಂಡಿದೆಯೇ ಎಂದೂ ನೋಡಿ.

ಲೋಡು ಮೊದಲಿನಷ್ಟೇ ಇದ್ದರೆ ಬ್ಯಾಟರಿಯನ್ನೇ ಪರೀಕ್ಷಿಸಿ. ನೀರು ಇಳಿದು ಪ್ಲೇಟು ಹೊರಗೆ ಕಂಡರೆ ಆ ಭಾಗ ಗಟ್ಟಿಯಾಗಿ ಸತ್ತುಹೋಗುತ್ತದೆ. ಅಂಥ ಸೆಲ್ಲಿಗೆ (ಬ್ಯಾಟರಿಯ ಆರು ಖಾನೆಗಳಲ್ಲಿ ಒಂದು) ಮೊದಲು ಪ್ಲೇಟು ಮುಳುಗುವಷ್ಟೇ ಡಿಸ್ಟಿಲ್ಡ್ ವಾಟರ್ ಹಾಕಿ, ಪೂರ್ತಿ ಚಾರ್ಜ್ ಆದಮೇಲೆ ಗುರುತಿನವರೆಗೆ ತುಂಬಿಸಿ. ಮೊದಲೇ ತುಂಬಿಸಿದರೆ ಚಾರ್ಜಿಂಗಿನಲ್ಲಿ ಮಟ್ಟ ಏರಿ ಆ್ಯಸಿಡ್ ಹೊರಗೆ ಚೆಲ್ಲುತ್ತದೆ. ಬೋರಿನ ನೀರು, ಆರ್‌ಒ ನೀರು ಬೇಡವೇ ಬೇಡ. ಆ್ಯಸಿಡ್ ಸುರಿಯುವುದಂತೂ ದೊಡ್ಡ ತಪ್ಪು.

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಇನ್ವರ್ಟರನ್ನು ಪ್ಲಗ್ಗಿನಲ್ಲೂ ಯಂತ್ರದಲ್ಲೂ ಆರಿಸಿ, ಮೊದಲು ಕಪ್ಪು ಕೇಬಲ್ ಬಿಚ್ಚಿ. ಮುಚ್ಚಳ ಬಿಗಿಯಾಗಿರಲಿ, ಸೋಡಾ ಒಂದು ಹನಿಯೂ ಒಳಗೆ ಹೋಗಬಾರದು. ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ಉಜ್ಜಿ, ಒರೆಸಿ, ಕೆಂಪು ಕೇಬಲ್ ಮೊದಲು ಕೂಡಿಸಿ ಬಿಗಿದು ವ್ಯಾಸ್‌ಲಿನ್ ಹಚ್ಚಿ.

ಆಮೇಲೂ ಸರಿಹೋಗದಿದ್ದರೆ, ಪೂರ್ತಿ ಚಾರ್ಜಾದ ಬ್ಯಾಟರಿಗೆ ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಿಡಿಸಿ. ಆರು ಸೆಲ್ಲೂ 1.240ರ ಆಸುಪಾಸಿನಲ್ಲಿರಬೇಕು. ಒಂದೇ ಸೆಲ್ 0.050ಕ್ಕಿಂತ ಹೆಚ್ಚು ಕೆಳಗಿದ್ದರೆ ಆ ಬ್ಯಾಟರಿ ಮುಗಿಯಿತು, ಬದಲಿಸಿ. ಆರೂ ಸಮನಾಗಿ ಕೆಳಗಿದ್ದರೆ ದೋಷ ಚಾರ್ಜಿಂಗಿನಲ್ಲಿರಬಹುದು, ಇನ್ವರ್ಟರನ್ನೂ ತೋರಿಸಿ.

ಪ್ರಶ್ನೆ: ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಕರೆಂಟ್ ಹೋದರೆ ಸುಡುಬಿಸಿಲಿನಲ್ಲೂ ಇದು ನಿಂತುಬಿಡುತ್ತದೆ. ಕೆಟ್ಟಿದೆಯೇ?
– ಓದುಗರು, ಧಾರವಾಡ

ಉತ್ತರ: ಕೆಟ್ಟಿಲ್ಲ. ನಿಮ್ಮದು ಊರಿನ ಲೈನಿಗೆ ಕೂಡಿಸಿದ ಆನ್‌ಗ್ರಿಡ್. ಲೈನಿನಲ್ಲಿ ಕರೆಂಟ್ ಇಲ್ಲವೆಂದಾಗ ತಾನೂ ನಿಲ್ಲುವಂತೆಯೇ ಅದನ್ನು ಮಾಡಿರುತ್ತಾರೆ, ಇಲ್ಲದಿದ್ದರೆ ನಿಮ್ಮ ಛಾವಣಿಯ ಕರೆಂಟು ಕಂಬದ ಮೇಲಿರುವ ಲೈನ್‌ಮನ್‌ಗೆ ಹೊಡೆಯುತ್ತದೆ. ಕರೆಂಟ್ ಹೋದಾಗಲೂ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು.

ಪ್ರಶ್ನೆ: ಸಣ್ಣ ಜನರೇಟರ್ ತಂದಿದ್ದೇವೆ. ಎರಡೂ ತುದಿಗೆ ಪಿನ್ ಇರುವ ವೈರಿನಿಂದ ಗೋಡೆಯ ಪ್ಲಗ್ಗಿಗೆ ಕೊಟ್ಟರೆ ಮನೆಯೆಲ್ಲ ಉರಿಯುತ್ತದೆ ಎಂದು ಒಬ್ಬರು ಹೇಳಿದರು. ಮೇನ್ ಆಫ್ ಮಾಡಿದರೆ ಸಾಕಲ್ಲವೇ?
– ಓದುಗರು, ರಾಣೆಬೆನ್ನೂರು

ಉತ್ತರ: ದಯವಿಟ್ಟು ಹೀಗೆ ಮಾಡಬೇಡಿ. ಮೇನ್ ಆರಿಸುವುದನ್ನು ಒಂದೇ ಒಂದು ಸಲ ಮರೆತರೂ ನಿಮ್ಮ 230 ವೋಲ್ಟು ಟಿಸಿಯೊಳಗೆ (ಬೀದಿಯ ಟ್ರಾನ್ಸ್‌ಫಾರ್ಮರ್) ತಿರುಗಿ ಹೋಗಿ ಆಚೆ ಬದಿಯಲ್ಲಿ 11,000 ವೋಲ್ಟಾಗುತ್ತದೆ. ಲೈನ್ ಆಫ್ ಆಗಿದೆಯೆಂದು ನಂಬಿ ತಂತಿ ಮುಟ್ಟಿದವನ ಜೀವ ಹೋಗುತ್ತದೆ. ಹೊರಗೆ ಚಾಚಿದ ಪಿನ್ನು ಮುಟ್ಟಿದ ಮನೆಯ ಮಗುವಿನದೂ ಅಷ್ಟೆ. ಫೇಸು, ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್ಚನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿ. ಜನರೇಟರನ್ನು ಪಡಸಾಲೆಯಲ್ಲಾಗಲಿ ಮೆಟ್ಟಿಲ ಕೆಳಗಾಗಲಿ ಇಡದೆ ಬಯಲಲ್ಲೇ ಇಡಿ; ಅದರ ಹೊಗೆಯ ವಿಷಾನಿಲಕ್ಕೆ ವಾಸನೆಯಿಲ್ಲ. ಗಾಳಿಗೆ ಹರಿದುಬಿದ್ದ ತಂತಿ ಕಂಡರೆ ದೂರ ನಿಂತು, ಜನ-ದನ ಹತ್ತಿರ ಹೋಗದಂತೆ ತಡೆದು ಹೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಪ್ರಶ್ನೆ: ತಾಯಿಗೆ ಇನ್ಸುಲಿನ್ ನಡೆದಿದೆ. ರಾತ್ರಿಯಿಡೀ ಕರೆಂಟ್ ಹೋದರೆ ಹೇಗೆ ಕಾಪಾಡುವುದು?
– ಓದುಗರು, ಬೆಟಗೇರಿ, ಗದಗ

ಉತ್ತರ: ಬಾಗಿಲು ತೆಗೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ತಾಸು ತಂಪು ಹಿಡಿದಿರುತ್ತದೆ. ಅದಕ್ಕೂ ಮೀರಿದರೆ ಮಣ್ಣಿನ ಗಡಿಗೆ ಒಳ್ಳೆಯದು: ದೊಡ್ಡ ಗಡಿಗೆಯಲ್ಲಿ ಒದ್ದೆ ಉಸುಕು, ಅದರೊಳಗೆ ಸಣ್ಣ ಗಡಿಗೆ, ಅದರಲ್ಲಿ ಡಬ್ಬಿಗೆ ಹಾಕಿದ ಇನ್ಸುಲಿನ್, ಮೇಲೆ ಒದ್ದೆ ಬಟ್ಟೆ. ಗಾಳಿಯಾಡುವ ನೆರಳಿನಲ್ಲಿಟ್ಟು ಉಸುಕು ಆರದಂತೆ ನೋಡಿಕೊಳ್ಳಿ. ಬಳಸುತ್ತಿರುವ ಬಾಟಲಿಯನ್ನು 30 ಡಿಗ್ರಿಯ ಒಳಗೆ ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ಇಡಬಹುದು. ನಿಮ್ಮ ಔಷಧದ ಚೀಟಿ ಓದಿ ಖಾತ್ರಿ ಮಾಡಿಕೊಳ್ಳಿ. ಗಾಬರಿಯಲ್ಲಿ ಐಸಿಗೆ ತಾಗಿಸಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು, ಎಸೆಯಬೇಕು.