ಮೆಣಸಿನಕಾಯಿ ಹೂವಲ್ಲಿರೋ ಥ್ರಿಪ್ಸ್ (ರಸ ಹೀರೋ ಪುಟ್ಟ ಹುಳ) ಯಾವ ಜಾತಿ ಅಂತ ಬಣ್ಣ ನೋಡಿ ಹೇಳಬಹುದಾ?

ಊಹೆ ಮಾಡಬಹುದು, ಅಷ್ಟೇ. ಬಣ್ಣ ನಂಬಿ ನಾನೇ ಒಮ್ಮೆ ಎಡವಿದ್ದೇನೆ.

ನಮ್ಮದು ಬೇಲೂರು ಹತ್ತಿರ. ಒಂದು ಡಿಸೆಂಬರ್‌ನಲ್ಲಿ ಹಿತ್ತಲ ಈರುಳ್ಳಿಯ ಎಲೆ ಸಂದಿಯಲ್ಲಿ ಕಂದು ಬಣ್ಣದ ಥ್ರಿಪ್ಸ್ ಸಿಕ್ಕವು. ಆಗ ಎಲ್ಲರ ಬಾಯಲ್ಲೂ ಪಾರ್ವಿಸ್ಪೈನಸ್‌ನದೇ ಮಾತು. ನಮ್ಮ ದೇಶದಲ್ಲಿ 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಮೊದಲು ಕಂಡ ಈ ಹೊಸ ಥ್ರಿಪ್ಸ್, 2021ರಲ್ಲಿ ಆಂಧ್ರ, ತೆಲಂಗಾಣದ ಮೆಣಸಿನಕಾಯಿ ಹೊಲಗಳಿಗೆ ನುಗ್ಗಿತ್ತು. ನಾನೂ ಪಕ್ಕದ ತೋಟದವರಿಗೆ 'ಅದೇ ಕಣಣ್ಣ, ನಮ್ಮೂರಿಗೂ ಬಂತು' ಅಂದುಬಿಟ್ಟೆ.

ಆಮೇಲೆ ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಹೊಟ್ಟೆಯ ಎಂಟನೇ ಖಂಡದ ಹಿಂದಿನ ಅಂಚಲ್ಲಿ ಸಣ್ಣ ಕೂದಲುಗಳು ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ನಿಂತಿದ್ದವು. ಪಾರ್ವಿಸ್ಪೈನಸ್‌ಗೆ ಆ ಬಾಚಣಿಗೆಯೇ ಇಲ್ಲ! ಅದು ಮಾಮೂಲಿ ಈರುಳ್ಳಿ ಥ್ರಿಪ್ಸ್, ಟಬಾಸಿ. ಚಳಿಯಲ್ಲಿ ಬೆಳೆದರೆ ಅದರ ಮೈ ಕಪ್ಪಾಗುತ್ತೆ. ಅಣ್ಣನಿಗೆ ಹೋಗಿ ಹೇಳೋಕೆ ಎರಡು ದಿನ ಬೇಕಾಯ್ತು.

ನಿಮ್ಮ ಹೂವಿಗೆ ಬರೋಣ. ಬಿಳಿ ಹಾಳೆ ಮೇಲೆ ಹೂವನ್ನು ತಟ್ಟಿ, ಬಿದ್ದದ್ದನ್ನು ಒದ್ದೆ ಬ್ರಷ್ಷಿನಲ್ಲಿ ಎತ್ತಿ ಸ್ಪಿರಿಟ್‌ಗೆ ಹಾಕಿ. ರೆಕ್ಕೆ ಬಂದ ಹೆಣ್ಣೇ ಬೇಕು, ಮರಿ ಹಿಡಿದು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಇಡೀ ಹುಳ ಒಂದು ಮಿಲಿಮೀಟರ್ ಆಸುಪಾಸು, ಹಾಗಾಗಿ ಕೈ ಲೆನ್ಸ್ ಸಾಲಲ್ಲ.

ಮೊದಲು ಮೀಸೆಯ ಗಿಣ್ಣು ಎಣಿಸಿ. ಎಂಟಿದ್ದು, ಮೈ ತಿಳಿ ಹಳದಿಯಾಗಿ, ಹೊಟ್ಟೆಯ ಖಂಡಗಳ ನಡುವಲ್ಲಿ ಕಂದು ಮಚ್ಚೆ, ಪಕ್ಕಗಳಲ್ಲಿ ಮಖಮಲ್ಲಿನ ಹಾಗೆ ಒತ್ತಾದ ಕೂದಲಿದ್ದರೆ ಅದು ಹಳೇ ಮೆಣಸಿನಕಾಯಿ ಥ್ರಿಪ್ಸ್, ಡಾರ್ಸಾಲಿಸ್. ಇದು ಎಳೆ ಎಲೆಯಲ್ಲೇ ಜಾಸ್ತಿ. ಏಳಿದ್ದು, ತಲೆ ಎದೆಗಿಂತ ಹೊಟ್ಟೆ ಕಪ್ಪಾಗಿ, ಬಾಚಣಿಗೆ ಇಲ್ಲದಿದ್ದರೆ ಪಾರ್ವಿಸ್ಪೈನಸ್ ಇರಬಹುದು. ಹೂವಲ್ಲಿ ತುಂಬಿಕೊಳ್ಳೋದು ಇದೇ.

ಏಳು ಗಿಣ್ಣಿನ ಹಳದಿ ಹುಳ ಸಿಕ್ಕರೆ ನಿಜವಾದ ತಲೆನೋವು: ಪಾಲ್ಮಿ ಅನ್ನೋ ಇನ್ನೊಂದು ಜಾತಿಯ ಥ್ರಿಪ್ಸೋ, ಟಬಾಸಿಯೋ? ನೆತ್ತಿ ಮೇಲಿನ ಮೂರು ಪುಟಾಣಿ ಕಣ್ಣು ನೋಡಿ. ಪಾಲ್ಮಿಯದು ಕೆಂಪು, ಟಬಾಸಿಯದು ಬೂದು. ಬಣ್ಣ ನಂಬಬೇಡಿ ಅಂದವನೇ ಮತ್ತೆ ಬಣ್ಣ ಹೇಳ್ತಿದ್ದೀನಿ, ಅಲ್ವಾ? ಹಾಗಾಗಿ ಎದೆಯ ಕೊನೆಯ ಫಲಕವನ್ನೂ ನೋಡಿ. ಅಲ್ಲಿ ಒಂದು ಜೊತೆ ಸಣ್ಣ ರಂಧ್ರದಂಥ ಚುಕ್ಕೆ ಇದ್ದರೆ ಪಾಲ್ಮಿ. ಟಬಾಸಿಗೆ ಅವಿಲ್ಲ.

ಅಂದ ಹಾಗೆ, ನಮ್ಮ ಕಡೆ ಬರೀ 'ಮೆಣಸು' ಅಂದರೆ ಕಾಳುಮೆಣಸು. ಅದರ ಎಲೆ ಅಂಚು ಮಡಚಿದ್ದರೆ ಬಿಡಿಸಿ ನೋಡಿ. ಬಾಲದಲ್ಲಿ ಕೊಳವೆ ಇರುವ ಕಪ್ಪು ಹುಳ ಸಿಗುತ್ತೆ. ಅದೂ ಥ್ರಿಪ್ಸೇ, ಆದರೆ ಬೇರೆ ಬಳಗ.