ಓದಿದಾಗ ಅಷ್ಟು ಹೆದರಿಸಿದ ಬಣ್ಣ ಸಿನಿಮಾದಲ್ಲಿ ಯಾಕೆ ಹೆದರಿಸ್ಲಿಲ್ಲ?

ಅಮೆರಿಕದ ಭಯಾನಕ ಕಥೆಗಾರ ಲವ್‌ಕ್ರಾಫ್ಟ್ ಬರೆದ 'ದಿ ಕಲರ್ ಔಟ್ ಆಫ್ ಸ್ಪೇಸ್' ಕಥೆ ಓದಿ ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ, ಆಮೇಲೆ ನಿಕೋಲಸ್ ಕೇಜ್ ಇರೋ ಸಿನಿಮಾ ನೋಡಿದ್ರೆ ಅದರ ಕಾಲು ಭಾಗ ಭಯನೂ ಆಗ್ಲಿಲ್ಲ, ಇಂಥ ಕಥೆಗಳನ್ನ ಸಿನಿಮಾ ಮಾಡೋಕೇ ಆಗಲ್ವಾ ಅಂತ ಕೇಳಿದ್ದೀರ. ಆಗುತ್ತೆ. ಇದೇ ಕಥೆನ ಒಬ್ರು ಮಾಡಿ ತೋರ್ಸಿದ್ದಾರೆ, ನನಗೆ ಗೊತ್ತಿರೋರಲ್ಲಿ ಯಾರೂ ಅದನ್ನ ನೋಡಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಓದಿಲ್ಲದೇ ಇರೋರಿಗೆ ಕಥೆ ಚಿಕ್ಕದಾಗಿ ಹೇಳ್ತೀನಿ. 1927ರಲ್ಲಿ ಅಮೇಜಿಂಗ್ ಸ್ಟೋರೀಸ್ ಪತ್ರಿಕೇಲಿ ಬಂದಿದ್ದು. ಅಮೆರಿಕದ ಮ್ಯಾಸಚೂಸೆಟ್ಸ್ ಕಡೆ ಒಬ್ಬ ರೈತನ ಬಾವಿ ಪಕ್ಕ ಉಲ್ಕೆ ಬೀಳುತ್ತೆ. ಕಾಲೇಜಿನ ಪ್ರೊಫೆಸರ್‌ಗಳು ಒಂದು ಚೂರು ತಗೊಂಡೋಗಿ ಗಾಜಿನ ಬೀಕರ್‌ನಲ್ಲಿ ಇಡ್ತಾರೆ, ಬೆಳಿಗ್ಗೆ ನೋಡಿದ್ರೆ ಚೂರೂ ಇಲ್ಲ ಬೀಕರೂ ಇಲ್ಲ. ಕಾಯಿಸಿ, ಬೆಳಕನ್ನ ಬಣ್ಣಗಳಾಗಿ ಬಿಡಿಸಿ ತೋರ್ಸೋ ಸ್ಪೆಕ್ಟ್ರೋಸ್ಕೋಪ್‌ನಲ್ಲಿ ನೋಡಿದಾಗ ಅದರಲ್ಲಿ ಕಾಣೋದು ನಮಗೆ ಗೊತ್ತಿರೋ ಯಾವ ಬಣ್ಣನೂ ಅಲ್ಲ. ಆಮೇಲೆ ತೋಟದಲ್ಲಿ ಹಣ್ಣು ದಪ್ಪ ದಪ್ಪ ಬಿಡುತ್ತೆ, ಬಾಯಿಗಿಟ್ರೆ ಕಹಿ, ಗಾಳಿ ಇಲ್ದೇನೇ ಮರ ಅಲ್ಲಾಡುತ್ತೆ, ಗಿಡ ದನ ಮನುಷ್ಯರು ಎಲ್ಲಾ ಬೂದು ಬಣ್ಣಕ್ಕೆ ತಿರುಗಿ ಪುಡಿಪುಡಿ ಆಗ್ತಾರೆ.

ಇದು ಯಾಕೆ ಅಷ್ಟು ಹೆದರಿಸುತ್ತೆ ಅಂದ್ರೆ ಯಾರೂ ಏನೂ ತಪ್ಪು ಮಾಡಿಲ್ಲ. ನಾವು ಚಿಕ್ಕೋರಿದ್ದಾಗ ಕೇಳಿದ ದೆವ್ವದ ಕಥೇಲಿ ದೆವ್ವಕ್ಕೆ ಏನೋ ಒಂದು ಬೇಕಿರುತ್ತೆ, ಯಾರ ಮೇಲೋ ಸೇಡು, ತೀರದ ಆಸೆ, ಶಾಂತಿ ಮಾಡ್ಸಿದ್ರೆ ಬಿಟ್ಟು ಹೋಗುತ್ತೆ ಅನ್ನೋ ಧೈರ್ಯ ಇರುತ್ತೆ. ಇಲ್ಲಿ ಬಂದಿರೋದಕ್ಕೆ ನಾವು ಇದ್ದೀವಿ ಅನ್ನೋದಾದ್ರೂ ಗೊತ್ತಾ ಅಂತಾನೇ ಗೊತ್ತಾಗಲ್ಲ. ಸಿನಿಮಾದವರು ಮೊದಲು ಕೈ ಹಾಕೋದು ಇದಕ್ಕೇ. 1965ರಲ್ಲಿ ಬೋರಿಸ್ ಕಾರ್ಲಾಫ್‌ನ ಹಾಕ್ಕೊಂಡು 'ಡೈ, ಮಾನ್‌ಸ್ಟರ್, ಡೈ!' ಅಂತ ಇದೇ ಕಥೆ ಮಾಡಿದ್ರು, ಅದರಲ್ಲಿ ಎಲ್ಲಾ ವಿಕಿರಣದಿಂದ ಆಯ್ತು ಅಂತ ಕಾರಣ ಕೊಟ್ಬಿಟ್ರು. ಕಾರಣ ಸಿಕ್ಕಿದ್ ತಕ್ಷಣ ನೋಡೋರಿಗೆ ಉಸಿರು ಸಲೀಸಾಗಿ ಆಡುತ್ತೆ, ಅಲ್ಲಿಗೆ ಕಥೆ ಸತ್ತು ಹೋಯ್ತು.

ನೀವು ನೋಡಿದ್ದು 2019ರದ್ದು, ರಿಚರ್ಡ್ ಸ್ಟ್ಯಾನ್ಲಿ ನಿರ್ದೇಶನ. ನನಗೆ ಆ ಸಿನಿಮಾ ಮೇಲೆ ಗೌರವ ಇದೆ. ತಾಯಿ ಅಡುಗೆಮನೇಲಿ ನಿಂತು ಕ್ಯಾರೆಟ್ ಹೆಚ್ತಾ ಇರ್ತಾಳೆ, ಚಾಕು ಟಕ್ ಟಕ್ ಅಂತ ಒಂದೇ ತಾಳದಲ್ಲಿ ಹೋಗ್ತಾ ಇರುತ್ತೆ, ಕ್ಯಾರೆಟ್ ಮುಗಿದು ಬೆರಳಿಗೆ ಬಂದ್ರೂ ಕೈ ನಿಲ್ಲಲ್ಲ, ಅವಳಿಗೆ ಅರಿವೇ ಇಲ್ಲ. ಅದು ಅಸಲಿ ಲವ್‌ಕ್ರಾಫ್ಟ್, ಆ ದೃಶ್ಯ ಮೂಲ ಕಥೇಲಿ ಇಲ್ದೇ ಇದ್ರೂ. ಆದ್ರೆ ಬಣ್ಣಕ್ಕೆ ಮಜೆಂಟಾ ತಗೊಂಡ್ರು. ಲೆಕ್ಕದಲ್ಲಿ ಇದು ಒಳ್ಳೇ ಆಯ್ಕೆನೇ, ಯಾಕಂದ್ರೆ ಕಾಮನಬಿಲ್ಲಿನಲ್ಲಿ ಮಜೆಂಟಾ ಇಲ್ಲ, ಅದಕ್ಕೆ ಅಂತ ಒಂದು ತರಂಗಾಂತರ ಇಲ್ಲ, ಕೆಂಪು ನೀಲಿ ಎರಡೂ ಬಂದು ಮಧ್ಯದ ಹಸಿರು ಬರದೇ ಇದ್ದಾಗ ನಮ್ಮ ಮಿದುಳೇ ಕಟ್ಟಿಕೊಳ್ಳೋ ಬಣ್ಣ ಅದು. ಆದ್ರೆ ಕಣ್ಣಿಗೆ ಈ ವಿಜ್ಞಾನ ಯಾಕೆ ಬೇಕು, ನಾವದನ್ನ ಸೀರೆ ಅಂಗಡೀಲಿ ರಾಣಿ ಪಿಂಕ್ ಅಂತ ದಿನಾ ನೋಡಿರ್ತೀವಿ. ಯಾವ ಬಣ್ಣ ತಗೊಂಡಿದ್ರೂ ಇದೇ ಕಥೆ ಆಗ್ತಿತ್ತು, ಬಣ್ಣದ ಸಿನಿಮಾದಲ್ಲಿ ಇನ್ನೊಂದು ಬಣ್ಣ ಇನ್ನೊಂದು ಬಣ್ಣ ಅಷ್ಟೇ.

ಈಗ ನಾನು ಹೇಳ್ಬೇಕು ಅಂದಿದ್ದ ಸಿನಿಮಾ. 2010ರ ಜರ್ಮನ್ ಸಿನಿಮಾ 'ಡೀ ಫಾರ್ಬೆ', ನಿರ್ದೇಶಕ ಹುವಾನ್ ವು. ಕಥೆನ ಜರ್ಮನಿಯ ಹಳ್ಳಿಗೆ ತಂದಿದ್ದಾರೆ. ಇಡೀ ಸಿನಿಮಾ ಕಪ್ಪು ಬಿಳುಪು, ಉಲ್ಕೆ ಜೊತೆ ಬಂದ ಆ ಬಣ್ಣ ಒಂದನ್ನ ಬಿಟ್ಟು. ತೋಟ, ಬಾವಿ, ಮಕ್ಕಳ ಮುಖ ಎಲ್ಲಾ ಬೂದು ಬೂದು ನೋಡಿ ನೋಡಿ ಕಣ್ಣು ಅದೇ ಲೋಕಕ್ಕೆ ಒಗ್ಗಿ ಹೋಗಿರುತ್ತೆ, ಆಗ ಆ ನೇರಳೆ ಥರದ್ದು ಬರುತ್ತೆ. ಅದು ನೇರಳೆ ಅಂತ ನಮಗೆ ಗೊತ್ತು, ಆದ್ರೂ ಒಳಗೆ ಏನೋ ಬೆಚ್ಚುತ್ತೆ, ಯಾಕಂದ್ರೆ ಆ ಲೋಕದಲ್ಲಿ ಬಣ್ಣ ಅನ್ನೋದೇ ಇರ್ಲಿಲ್ಲ. ಹೊಸ ಬಣ್ಣ ಹುಡುಕೋಕೆ ಹೋಗದೆ ಉಳಿದ ಬಣ್ಣಗಳನ್ನೆಲ್ಲಾ ತೆಗೆದ್ರು ನೋಡಿ, ಅಲ್ಲಿ ಗೆದ್ರು. ಮೊದಲ ಸಲ ಅದನ್ನ ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ದುಡ್ಡಿನ ವಿಷಯ ಒಂದು ಮಾತು. ನಿರ್ದೇಶಕ ಗಿಯೆರ್ಮೊ ಡೆಲ್ ಟೊರೊ ಲವ್‌ಕ್ರಾಫ್ಟ್‌ದೇ ಇನ್ನೊಂದು ಕಥೆ 'ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್‌ನೆಸ್'ನ ಸಿನಿಮಾ ಮಾಡೋಕೆ ವರ್ಷಗಟ್ಲೆ ಓಡಾಡಿದ್ರು, ಸುಮಾರು 15 ಕೋಟಿ ಡಾಲರ್ ಬಜೆಟ್, ದೊಡ್ಡವರಿಗೆ ಮಾತ್ರ ಅನ್ನೋ ಸರ್ಟಿಫಿಕೇಟ್ ಬಂದ್ರೂ ಪರವಾಗಿಲ್ಲ ಅಂತ ಹಟ ಹಿಡಿದ್ರು, 2011ರಲ್ಲಿ ಯೂನಿವರ್ಸಲ್ ಸ್ಟುಡಿಯೋ ಹಿಂದೆ ಸರೀತು. ಅದು ಬಂದಿದ್ರೆ ಅಂತ ನನಗೆ ಈಗಲೂ ಸಂಕಟ ಆಗುತ್ತೆ. ಆದ್ರೆ 2005ರಲ್ಲಿ ಲವ್‌ಕ್ರಾಫ್ಟ್ ಅಭಿಮಾನಿಗಳ ಒಂದು ಸೊಸೈಟಿಯವರು ಅವರದ್ದೇ ಕಥೆ 'ದಿ ಕಾಲ್ ಆಫ್ ಕ್ಥುಲು'ನ 47 ನಿಮಿಷದ ಮೂಕಿ ಚಿತ್ರವಾಗಿ ಮಾಡಿದ್ರು, ಕಥೆ ಬರೆದ 1926ರ ಕಾಲದಲ್ಲೇ ತೆಗೆದಿದ್ದೇನೋ ಅನ್ನೋ ಥರ. ಆ ಕಥೇಲಿ ಸಮುದ್ರದಿಂದ ಮೇಲೆ ಬಂದ ಒಂದು ವಿಚಿತ್ರ ಊರಿನಲ್ಲಿ ಒಬ್ಬ ನಾವಿಕ ಓಡ್ತಾ ಓಡ್ತಾ ಕಲ್ಲಿನ ಒಂದು ಮೂಲೆಯೊಳಗೆ ನುಂಗಿ ಹೋಗ್ತಾನೆ, ಆ ಊರಿನ ಕೋನಗಳೇ ಸರಿ ಇಲ್ಲ. ಅಂಥದ್ದನ್ನ ಕಂಪ್ಯೂಟರ್‌ನಲ್ಲಿ ನೀಟಾಗಿ ಮಾಡಿದ್ರೆ ನಂಬಿಕೆ ಬರಲ್ಲ, ಸೊಟ್ಟ ಸೆಟ್ಟು, ಹಳೇ ಮೂಕಿ ಚಿತ್ರದ ನಡುಗೋ ಬೆಳಕಿನಲ್ಲಿ ಬರುತ್ತೆ. ಅವರೂ ಏನನ್ನೋ ಬಿಟ್ಟೇ ಗೆದ್ದಿದ್ದು.

'ಡೀ ಫಾರ್ಬೆ' ಸಿಕ್ಕಿದ್ರೆ ಸಬ್‌ಟೈಟಲ್ ಹಾಕ್ಕೊಂಡು ರಾತ್ರಿ ಲೈಟ್ ಆರಿಸಿ ನೋಡಿ, ಮೊಬೈಲ್ ದೂರ ಇಡಿ. ಟ್ರೈಲರ್ ಪೋಸ್ಟರ್ ಏನೂ ನೋಡೋಕೆ ಹೋಗ್ಬೇಡಿ, ಆ ಬಣ್ಣ ಮೊದಲೇ ಕಣ್ಣಿಗೆ ಬಿದ್ಬಿಟ್ರೆ ಅರ್ಧ ಸಿನಿಮಾ ಕಳ್ಕೊಂಡ ಹಾಗೆ. ನೋಡಿದ್ಮೇಲೆ ಇಲ್ಲೇ ಬಂದು ಹೇಗಿತ್ತು ಹೇಳಿ, ಬಾವಿ ಸೀನ್ ಬಗ್ಗೆ ನಿಮ್ಮ ಹತ್ರ ಮಾತಾಡ್ಬೇಕು.