ಫಾರ್ಮ್ ತುಂಬಬೇಕಾದವರು ಯಾರು?

ಪ್ರಶ್ನೆ: ಅಮ್ಮ ಕ್ಯಾನ್ಸರಿನಿಂದ ತೀರಿಕೊಂಡು ಐದು ತಿಂಗಳಾಯಿತು. ಕೊನೆಯ ದಿನಗಳ ಆರೈಕೆ ಹೇಗಿತ್ತೆಂದು ಕೇಳಿ ಆಸ್ಪತ್ರೆಯವರು ಫಾರ್ಮ್ ಕಳಿಸಿದ್ದಾರೆ. ದುಬೈಯಲ್ಲಿರುವ ದೊಡ್ಡಣ್ಣ ತಾನೇ ತುಂಬುತ್ತೇನೆ ಅನ್ನುತ್ತಾನೆ. ರಾತ್ರಿಯಿಡೀ ಅಮ್ಮನ ಪಕ್ಕ ಕೂತವರು ಸಣ್ಣತ್ತಿಗೆ. ಅವರು ಫಾರ್ಮ್ ಮುಟ್ಟುತ್ತಲೇ ಇಲ್ಲ. – ಓದುಗರು, ಕಾಪು

ಉತ್ತರ: ಅತ್ತಿಗೆಯ ಮಾತೇ ಬೇಕಮ್ಮ. ಉಡುಪಿ ಸುತ್ತ ಮನೆಮನೆಗೆ ಹೋಗುತ್ತಿದ್ದ ನರ್ಸ್ ನಾನು. ಗಂಜಿ ಕುಡಿಸಿದವರು ಅಡುಗೆಮನೆಯಲ್ಲೇ ಉಳಿಯುತ್ತಿದ್ದರು, ಚಾವಡಿಯಲ್ಲಿ ಮಾತಾಡುತ್ತಿದ್ದವರು ಬೇರೆಯವರು. ಇಂಗ್ಲೆಂಡಿನಲ್ಲಿ 2011ರಿಂದ 2015ರವರೆಗೆ ಇಂಥ ರಾಷ್ಟ್ರೀಯ ಸಮೀಕ್ಷೆ ನಡೆಯಿತು. ಮರಣ ನೋಂದಾಯಿಸಿದವರಿಗೆ ಅಂಚೆಯಲ್ಲಿ ಪ್ರಶ್ನಾವಳಿ ಹೋಗುತ್ತಿತ್ತು. 2015ರಲ್ಲಿ ಉತ್ತರಿಸಿದವರು ನೂರಕ್ಕೆ 43 ಮಂದಿ. ಬಡವರು, ಅಲ್ಪಸಂಖ್ಯಾತರು ಇಂಥ ಸಮೀಕ್ಷೆಗಳಿಗೆ ಉತ್ತರಿಸುವುದು ಕಡಿಮೆ. ಅವರ ಮನೆಯ ಕಷ್ಟ ಲೆಕ್ಕಕ್ಕೇ ಬರುವುದಿಲ್ಲ, ನನಗೆ ಅದೇ ಸಂಕಟ.

ಅತ್ತಿಗೆಯ ಕೈಗೆ ಪೆನ್ನು ಕೊಡಬೇಡಿ. ಪಕ್ಕ ಕೂತು ಕೇಳಿ, ನೀವೇ ಬರೆಯಿರಿ. ನೋವಿಗೆ ಕೊಡುವ ಮಾರ್ಫಿನ್ ಹೊತ್ತಿಗೆ ಸಿಕ್ಕಿತೇ, ರಾತ್ರಿ ಫೋನ್ ಮಾಡಿದರೆ ಯಾರಾದರೂ ಎತ್ತಿದರೇ? ಕಣ್ಣಾರೆ ಕಂಡ ಇಂಥ ಸಂಗತಿಗಳಲ್ಲಿ ಬಂಧುಗಳ ಮಾತು ರೋಗಿಯ ಮಾತಿಗೆ ಹತ್ತಿರವಿರುತ್ತದೆ. ನೋವು, ಮನಸ್ಸಿನ ದುಗುಡದ ವಿಷಯದಲ್ಲಿ ಅಷ್ಟಿಲ್ಲ. ಅತ್ತಿಗೆ ಅತ್ತರೆ ಫಾರ್ಮ್ ಬದಿಗಿಡಿ, ಇನ್ನೊಂದು ದಿನ ಕೂತರಾಯಿತು.